ಪುನರ್ಪುಳಿಯ ಪಾಕ ಕೆಡದೆ ಉಳಿಯುವುದು ಹೇಗೆ?

ಏಪ್ರಿಲ್, ಮೇ ತಿಂಗಳುಗಳಲ್ಲಿ ಪಶ್ಚಿಮ ಘಟ್ಟದ ಇಳಿಜಾರಿನ ಕಾಡುಗಳಲ್ಲಿಯೂ ಕರಾವಳಿಯ ತೋಟಗಳ ಅಂಚಿನಲ್ಲಿಯೂ ಒಂದು ಮರವು ಕಡುಗೆಂಪು ಹಣ್ಣುಗಳನ್ನು ಹೊತ್ತು ನಿಲ್ಲುತ್ತದೆ. ದಕ್ಷಿಣ ಕನ್ನಡದವರು ಇದನ್ನು ಪುನರ್ಪುಳಿ ಎನ್ನುತ್ತಾರೆ, ಉತ್ತರ ಕನ್ನಡದಲ್ಲಿ ಇದು ಮುರುಗಲು, ಕೊಂಕಣಿಗರಿಗೆ ಬಿರಿಂಡ, ಮರಾಠಿಯಿಂದ ಬಂದ ಕೋಕಂ ಎಂಬ ಹೆಸರು ಪೇಟೆಗಳಲ್ಲೆಲ್ಲ ರೂಢಿಯಾಗಿದೆ. ಸಸ್ಯಶಾಸ್ತ್ರಜ್ಞರು ಗಾರ್ಸೀನಿಯ ಇಂಡಿಕ ಎಂದು ಕರೆಯುವ ಈ ಮರವು ಉಪ್ಪಾಗೆಗೂ ಮ್ಯಾಂಗೋಸ್ಟೀನಿಗೂ ಹತ್ತಿರದ ನಂಟು. ಹಣ್ಣು ಮಾಗುವುದಕ್ಕೂ ಮುಂಗಾರು ಇಳಿಯುವುದಕ್ಕೂ ನಡುವೆ ದೊರೆಯುವ ಅವಧಿ ಕೆಲವೇ ವಾರಗಳದು. ಸಿಪ್ಪೆಯನ್ನು ಒಣಗಿಸಲು ಒಳ್ಳೆಯ ಬಿಸಿಲು ಬೇಕು. ಅಂಗಳದಲ್ಲಿ ಹರವಿದ ಸಿಪ್ಪೆಯ ಮೇಲೆ ಒಂದು ಮಳೆ ಬಿದ್ದರೆ ಮೂರನೆಯ ದಿನಕ್ಕೆ ಬೂಷ್ಟು ಕಾಣಿಸುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಇನ್ನೊಂದು ಉಪಾಯವನ್ನು ಕಂಡುಕೊಂಡರು: ಹಸಿ ಸಿಪ್ಪೆಯನ್ನು ಸಕ್ಕರೆಯಲ್ಲಿ ಹೂತು, ಅದು ಬಿಟ್ಟ ಕೆಂಪು ರಸವನ್ನು ಸೀಸೆಗಳಲ್ಲಿ ತುಂಬಿ ಇಡುವುದು.

ಈ ಪಾಕವು ಕೆಲವರ ಮನೆಯಲ್ಲಿ ಮುಂದಿನ ಬೇಸಗೆಯವರೆಗೂ ಕೆಡದೆ ಇರುತ್ತದೆ. ಕೆಲವರ ಮನೆಯಲ್ಲಿ ಆಷಾಢ ಕಳೆಯುವುದರೊಳಗೆ ನೊರೆಯೆದ್ದು ಬಿರಡೆಯನ್ನು ಹಾರಿಸುತ್ತದೆ. ಕೈಗುಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಇಲ್ಲಿ ಕೈಗುಣಕ್ಕಿಂತ ಹೆಚ್ಚಾಗಿ ತೂಕದ ಲೆಕ್ಕವಿದೆ. ಆ ಲೆಕ್ಕವನ್ನು ತಿಳಿದವರು ಒಂದು ಋತುವಿನ ಶ್ರಮವನ್ನು ಚರಂಡಿಗೆ ಚೆಲ್ಲಬೇಕಾಗುವುದಿಲ್ಲ.

ಮೊದಲು ಮಾಡುವ ಕ್ರಮವನ್ನು ನೋಡೋಣ. ಚೆನ್ನಾಗಿ ಕಳಿತ, ಒಡೆಯದ ಹಣ್ಣುಗಳನ್ನು ತೊಳೆದು, ಮೈಮೇಲಿನ ನೀರು ಪೂರ್ತಿ ಆರುವವರೆಗೆ ಬಟ್ಟೆಯ ಮೇಲೆ ಹರವಬೇಕು. ಹಣ್ಣನ್ನು ಎರಡು ಹೋಳು ಮಾಡಿ ಬೀಜವನ್ನೂ ಅದಕ್ಕೆ ಅಂಟಿದ ಬಿಳಿಯ ತಿರುಳನ್ನೂ ಬೇರೆ ತೆಗೆದಿಡಬೇಕು. ಸಿಪ್ಪೆ ಒಂದು ಕಿಲೋಗ್ರಾಂ ಇದ್ದರೆ ಸಕ್ಕರೆ ಎರಡು ಕಿಲೋಗ್ರಾಂ. ಒಣಗಿದ ಪಿಂಗಾಣಿ ಭರಣಿಯಲ್ಲಾಗಲಿ ಗಾಜಿನ ಜಾಡಿಯಲ್ಲಾಗಲಿ ಒಂದು ಪದರ ಸಿಪ್ಪೆ, ಅದರ ಮೇಲೆ ಒಂದು ಪದರ ಸಕ್ಕರೆ, ಹೀಗೆ ತುಂಬುತ್ತ ಬಂದು, ಎಲ್ಲಕ್ಕಿಂತ ಮೇಲೆ ಸಕ್ಕರೆಯ ದಪ್ಪ ಪದರವನ್ನೇ ಮುಚ್ಚಬೇಕು. ಬಾಯಿಗೆ ತೆಳುಬಟ್ಟೆ ಕಟ್ಟಿ ಒಂದು ವಾರದಷ್ಟು ಕಾಲ ಬಿಸಿಲಿನಲ್ಲಿಟ್ಟು, ದಿನಕ್ಕೊಮ್ಮೆ ಒಣಸೌಟಿನಿಂದ ಬುಡದವರೆಗೂ ಕಲಕಬೇಕು. ಹಿತ್ತಾಳೆ, ತಾಮ್ರದ ಪಾತ್ರೆಗಳು ಕಲಾಯಿ ಹಾಕಿದ್ದರೂ ಈ ಕೆಲಸಕ್ಕೆ ಸಲ್ಲವು; ಇಷ್ಟು ಹುಳಿಯ ರಸವು ವಾರಗಟ್ಟಲೆ ನಿಂತರೆ ಕಲಾಯಿ ಸವೆದೆಡೆಯಲ್ಲಿ ತಾಮ್ರವು ಕರಗಿ ರಸಕ್ಕೆ ಸೇರುತ್ತದೆ. ಅಲ್ಯೂಮಿನಿಯಂ ಸಹ ಬೇಡ.

ಒಂದು ಹನಿ ನೀರನ್ನೂ ಹಾಕದಿದ್ದರೂ ಎರಡನೆಯ ದಿನಕ್ಕೆ ಭರಣಿಯಲ್ಲಿ ರಸ ತುಂಬಿರುವುದನ್ನು ಕಾಣುತ್ತೇವೆ. ಈ ರಸವೆಲ್ಲಿಂದ ಬಂದಿತು? ಹಸಿ ಸಿಪ್ಪೆಯ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರೇ. ಆ ನೀರು ಅಸಂಖ್ಯಾತ ಜೀವಕೋಶಗಳೊಳಗೆ ತೆಳ್ಳನೆಯ ಪೊರೆಗಳ ಹಿಂದೆ ಅಡಗಿರುತ್ತದೆ. ಇಂಥ ಪೊರೆಯು ನೀರನ್ನು ಸರಾಗವಾಗಿ ಬಿಡುತ್ತದೆ, ಸಕ್ಕರೆಯನ್ನು ಬಿಡುವುದಿಲ್ಲ. ಪೊರೆಯ ಒಂದು ಕಡೆ ತೆಳುವಾದ ದ್ರಾವಣವೂ ಇನ್ನೊಂದು ಕಡೆ ಗಾಢವಾದ ದ್ರಾವಣವೂ ಇದ್ದಾಗ ನೀರು ತೆಳುವಿನ ಕಡೆಯಿಂದ ಗಾಢದ ಕಡೆಗೆ ಹರಿಯುತ್ತದೆ. ಇದೇ ಅಭಿಸರಣೆ. ಫ್ರಾನ್ಸಿನ ನೊಲೆ ಎಂಬಾತನು 1748ರಲ್ಲಿ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಳಸಿ ಇದನ್ನು ಗುರುತಿಸಿದನು. ಇದರ ಗಣಿತವನ್ನು ಬಿಡಿಸಿದ ಹಾಲೆಂಡಿನ ವಾಂಟ್ ಹಾಫನು 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲನೆಯ ನೊಬೆಲ್ ಪಾರಿತೋಷಕವನ್ನು ಪಡೆದನು. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದಾಗ ಉಬ್ಬುವುದೂ, ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿದಾಗ ನೀರೊಡೆಯುವುದೂ ಇದರ ಎರಡು ಮುಖಗಳೇ.

ಇಲ್ಲಿ ಒಂದು ಸಂದೇಹ ಏಳಬೇಕು. ಪೊರೆಯು ನೀರನ್ನು ಮಾತ್ರ ಬಿಡುವುದಾದರೆ ರಸವು ಬಣ್ಣವಿಲ್ಲದೆ, ಹುಳಿಯಿಲ್ಲದೆ ಇರಬೇಕಾಗಿತ್ತಲ್ಲವೆ? ನೀರನ್ನು ಕಳೆದುಕೊಂಡ ಜೀವಕೋಶವು ಕುಗ್ಗಿ ಕೊನೆಗೆ ಸಾಯುತ್ತದೆ. ಸತ್ತ ಕೋಶದ ಪೊರೆ ಕಾವಲುಗಾರನ ಕೆಲಸವನ್ನು ಬಿಡುತ್ತದೆ. ಆಗ ಬಣ್ಣವೂ ಆಮ್ಲಗಳೂ ಹೊರಕ್ಕೆ ಜಾರುತ್ತವೆ, ಸಕ್ಕರೆ ಒಳಕ್ಕೆ ಸೇರುತ್ತದೆ. ಮೊದಲ ದಿನದ ರಸವು ತಿಳಿಗೆಂಪಾಗಿದ್ದು ದಿನ ಕಳೆದಂತೆ ಕಪ್ಪಿಗೆ ತಿರುಗುವುದು ಇದರಿಂದಲೇ. ಬಿಸಿಲಿನ ಪಾತ್ರವೂ ಇಷ್ಟೆ: ಕಾವು ಹೆಚ್ಚಿದಷ್ಟೂ ಸಕ್ಕರೆ ಬೇಗ ಕರಗುತ್ತದೆ, ಈ ಅದಲುಬದಲು ಬೇಗ ಮುಗಿಯುತ್ತದೆ. ಬಿಸಿಲು ಕ್ರಿಮಿಗಳನ್ನೆಲ್ಲ ಕೊಂದುಬಿಡುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಭರಣಿಯೊಳಗಿನ ಕಾವು ಅದಕ್ಕೆ ಸಾಲದು.

ಹಾಗಾದರೆ ಕ್ರಿಮಿಗಳನ್ನು ತಡೆಯುವುದು ಯಾವುದು? ಹಣ್ಣಿನ ಸಿಪ್ಪೆಯ ಕೋಶಕ್ಕೆ ಒದಗಿದ ಗತಿಯೇ ಯೀಸ್ಟಿನ ಕೋಶಕ್ಕೂ ಒದಗುತ್ತದೆ. ಗಾಢವಾದ ಪಾಕದಲ್ಲಿ ಬಿದ್ದ ಸೂಕ್ಷ್ಮಜೀವಿಯು, ಸುತ್ತಲೂ ನೀರಿದ್ದರೂ ಆ ನೀರನ್ನು ಹೀರಲಾರದೆ ಬಾಯಾರಿ ನಿಲ್ಲುತ್ತದೆ. ಆಹಾರವಿಜ್ಞಾನಿಗಳು ಹೀಗೆ ದೊರೆಯಬಲ್ಲ ನೀರಿನ ಪ್ರಮಾಣವನ್ನು ಜಲಸಕ್ರಿಯತೆ ಎಂದು ಅಳೆಯುತ್ತಾರೆ. ಶುದ್ಧ ನೀರಿಗೆ ಅದು 1. ನೂರಕ್ಕೆ 65 ಭಾಗ ಸಕ್ಕರೆಯುಳ್ಳ ಪಾಕಕ್ಕೆ ಸುಮಾರು 0.86. ಬಹುಪಾಲು ಬ್ಯಾಕ್ಟೀರಿಯಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು. ಸಾಮಾನ್ಯ ಯೀಸ್ಟುಗಳು 0.88ರ ಆಸುಪಾಸಿನಲ್ಲಿ ಸೋಲುತ್ತವೆ. ಬೂಷ್ಟುಗಳು ಮಾತ್ರ 0.80ರವರೆಗೂ ಹಟ ಹಿಡಿಯುತ್ತವೆ. ಸಕ್ಕರೆಯನ್ನೇ ನೆಚ್ಚಿದ ಕೆಲವು ಯೀಸ್ಟುಗಳು ಅದಕ್ಕಿಂತಲೂ ಬಹಳ ಕೆಳಗೆ ಬದುಕಬಲ್ಲವು. ಪಾಕವು ಕೆಟ್ಟಾಗ ಅಪರಾಧಿಗಳು ಸಾಮಾನ್ಯವಾಗಿ ಈ ಎರಡು ಬಗೆಯವರೇ. ಬ್ಯಾಕ್ಟೀರಿಯಗಳ ಭಯ ಇಲ್ಲಿ ಇನ್ನೂ ಕಡಿಮೆ, ಏಕೆಂದರೆ ಪುನರ್ಪುಳಿಯ ರಸದ ಪಿ.ಎಚ್. 3ಕ್ಕಿಂತ ಕೆಳಗಿರುತ್ತದೆ. ಡಬ್ಬಿಯ ಆಹಾರಗಳಲ್ಲಿ ಪ್ರಾಣಾಂತಿಕವಾದ ಬಾಟುಲಿಸಂ ವಿಷವನ್ನು ಉಂಟುಮಾಡುವ ಜೀವಿಯು 4.6ಕ್ಕಿಂತ ಹುಳಿಯಾದ ಎಡೆಯಲ್ಲಿ ಬೆಳೆಯಲಾರದು.

ಈಗ ತೂಕದ ಲೆಕ್ಕ. ಒಂದು ಕಿಲೋಗ್ರಾಂ ಸಿಪ್ಪೆಯ ನೀರು ಸುಮಾರು 800 ಗ್ರಾಂ. ಸಾಧಾರಣ ಉಷ್ಣತೆಯಲ್ಲಿ ನೀರು ತನ್ನ ತೂಕದ ಎರಡರಷ್ಟು ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲದು. ಎಂದರೆ 1600 ಗ್ರಾಂ. ಎರಡು ಕಿಲೋಗ್ರಾಂ ಸಕ್ಕರೆ ಹಾಕಿದಾಗ ತಳದಲ್ಲಿ ಸ್ವಲ್ಪ ಕರಗದೆ ಉಳಿಯುವುದು ಸಹಜ, ಶುಭಲಕ್ಷಣವೂ ಹೌದು. ಪಾಕವು ಹೊರಬಲ್ಲಷ್ಟನ್ನು ಹೊತ್ತಿದೆಯೆಂದು ಅದರಿಂದ ತಿಳಿಯುತ್ತದೆ. ದಿನ ಕಳೆದಂತೆ ಹಣ್ಣಿನ ಆಮ್ಲವು ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುವುದರಿಂದ ಉಳಿದುದರಲ್ಲಿಯೂ ಒಂದು ಪಾಲು ಕರಗುತ್ತದೆ. ಆದರೆ ಗೃಹಿಣಿಯು ಸಕ್ಕರೆಯ ಬೆಲೆಗೆ ಹೆದರಿಯೋ ಸಿಹಿ ಹೆಚ್ಚಾದೀತೆಂದೋ ಸಿಪ್ಪೆಯ ಸಮತೂಕ ಮಾತ್ರ ಹಾಕಿದಳೆನ್ನೋಣ. ಆಗ 800 ಗ್ರಾಂ ನೀರಿಗೆ 1000 ಗ್ರಾಂ ಸಕ್ಕರೆ, ಎಂದರೆ ನೂರಕ್ಕೆ ಸುಮಾರು 55. ನಾಲಗೆಗೆ ಈ ಪಾಕವೂ ಅತಿ ಸಿಹಿಯೇ. ಯೀಸ್ಟಿಗೆ ಮಾತ್ರ ಇದು ತೆರೆದ ಬಾಗಿಲು. ಭಾರತದ 1955ರ ಹಣ್ಣಿನ ಉತ್ಪನ್ನಗಳ ಆಜ್ಞೆಯು ಹಣ್ಣಿನ ಸಿರಪ್ಪಿನಲ್ಲಿ ನೂರಕ್ಕೆ 65 ಭಾಗ ಕರಗಿದ ಘನಾಂಶವಿರಬೇಕೆಂದು ವಿಧಿಸಿದ್ದುದು ಸುಮ್ಮನೆ ಅಲ್ಲ.

ಕಾರ್ಖಾನೆಯವರು ಇದನ್ನು ಅಳೆಯಲು ವಕ್ರೀಭವನ ಮಾಪಕವನ್ನು ಬಳಸುತ್ತಾರೆ. ಮನೆಯಲ್ಲಿ ತಕ್ಕಡಿಯೇ ಸಾಕು. ಒಂದು ಸೀಸೆಯ ಬರಿ ತೂಕವನ್ನು ಬರೆದಿಟ್ಟುಕೊಂಡು, ಕತ್ತಿನಲ್ಲಿ ಗುರುತು ಮಾಡಿ, ಗುರುತಿನವರೆಗೆ ನೀರು ತುಂಬಿ ತೂಗಿರಿ. ನೀರಿನ ತೂಕ 750 ಗ್ರಾಂ ಆಯಿತೆನ್ನಿ. ನೀರನ್ನು ಚೆಲ್ಲಿ ಸೀಸೆಯನ್ನು ಒಣಗಿಸಿ ಅದೇ ಗುರುತಿನವರೆಗೆ ಸೋಸಿದ ಪಾಕವನ್ನು ತುಂಬಿದರೆ, ಅದು 985 ಗ್ರಾಂ ಆಸುಪಾಸಿನಲ್ಲಿ ತೂಗಬೇಕು. 945 ಗ್ರಾಂ ತೂಗಿದರೆ ನಿಮ್ಮ ಪಾಕವು 55ರ ಹಂತದಲ್ಲಿದೆ. ಇನ್ನಷ್ಟು ಸಕ್ಕರೆಯನ್ನು ಕರಗಿಸುವುದೇ ಮೇಲು.

ತೆಳುವಾದ ಪಾಕವನ್ನು ಬಿಗಿಯಾಗಿ ಮುಚ್ಚಿಡುವುದು ರುಚಿಯೊಂದರ ಪ್ರಶ್ನೆಯಲ್ಲ. ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಒಡೆಯುತ್ತದೆ. ಕೇವಲ 10 ಗ್ರಾಂ ಸಕ್ಕರೆ ಪೂರ್ತಿಯಾಗಿ ಹುದುಗಿದರೆ ಹುಟ್ಟುವ ಅನಿಲವು ಎರಡೂವರೆ ಲೀಟರಿಗೂ ಹೆಚ್ಚು. ಸೀಸೆಯ ಕತ್ತಿನಲ್ಲಿ ಅದಕ್ಕಿರುವ ಜಾಗ ಎರಡು ಬೆರಳು. ಮರದ ಬಿರಡೆಯಾದರೆ ಹಾರಿಹೋಗಿ ಸೀಸೆ ಉಳಿದೀತು. ತಿರುಪಿನ ಮುಚ್ಚಳವಾದರೆ ಗಾಜೇ ಸಿಡಿಯುವ ಸಂಭವವುಂಟು. ಒಳಗೆ ಗುಳ್ಳೆಗಳು ಏಳುತ್ತಿರುವ ಸೀಸೆಯನ್ನು ಕಂಡರೆ ಮುಖವನ್ನು ದೂರವಿಟ್ಟು, ಒದ್ದೆ ಬಟ್ಟೆಯನ್ನು ದಪ್ಪನಾಗಿ ಹೊದಿಸಿ ಮೆಲ್ಲನೆ ಸಡಿಲಿಸಬೇಕು. ಮಕ್ಕಳ ಕೈಗಂತೂ ಕೊಡಬಾರದು.

ಸಕ್ಕರೆ ಸರಿಯಾಗಿದ್ದ ಪಾಕವೂ ಕೆಲವೊಮ್ಮೆ ಮೇಲ್ಭಾಗದಲ್ಲಿ ಮಾತ್ರ ಕೆಡುವುದನ್ನು ಹಲವರು ಕಂಡಿರಬಹುದು. ಬಿಸಿಯಾಗಿದ್ದಾಗಲೇ ಮುಚ್ಚಳ ಹಾಕಿದರೆ ಆವಿಯು ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿ ಕೆಳಕ್ಕೆ ಬೀಳುತ್ತದೆ. ನೀರು ಪಾಕಕ್ಕಿಂತ ಹಗುರವಾದುದರಿಂದ ಮೇಲೆಯೇ ತೆಳ್ಳಗೆ ಹರಡಿ ನಿಲ್ಲುತ್ತದೆ. ಸೀಸೆಯ ಒಟ್ಟು ಪಾಕ 65ರಲ್ಲಿದ್ದರೂ ಆ ಮೇಲ್ಪದರ 40ಕ್ಕೆ ಇಳಿದಿರಬಹುದು. ಬೂಷ್ಟಿಗೆ ಅಷ್ಟು ಸಾಕು. ಭರಣಿಯ ಮೇಲ್ಗಡೆ ಸಕ್ಕರೆಯ ದಪ್ಪ ಪದರ ಬೇಕೆಂದುದೂ, ದಿನವೂ ಕಲಕಬೇಕೆಂದುದೂ, ಒದ್ದೆ ಚಮಚ ತಗಲಕೂಡದೆಂಬ ಅಜ್ಜಿಯರ ಗದರಿಕೆಯೂ ಇದೇ ಕಾರಣದವು. ಆದುದರಿಂದ ಸೀಸೆಗಳನ್ನು ತಳದಲ್ಲಿ ಬಟ್ಟೆ ಹಾಸಿದ ಪಾತ್ರೆಯ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಬೋರಲು ಹಾಕಿ ಪೂರ್ತಿ ಒಣಗಿಸಿ, ತಣ್ಣನೆಯ ಪಾಕವನ್ನು ಕತ್ತಿನವರೆಗೂ ತುಂಬಿ ಮುಚ್ಚಬೇಕು. ಬೂಷ್ಟಿಗೆ ಗಾಳಿ ಬೇಕು. ಸೀಸೆಯಲ್ಲಿ ಖಾಲಿ ಜಾಗ ಕಡಿಮೆಯಾದಷ್ಟೂ ಒಳ್ಳೆಯದು.

ಇನ್ನು ರಕ್ಷಕ ರಾಸಾಯನಿಕಗಳ ಮಾತು. ಮಾವು, ನಿಂಬೆ, ಕಿತ್ತಳೆಗಳ ಸ್ಕ್ವಾಷಿಗೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕುವುದು ರೂಢಿ. ಅದನ್ನೇ ಪುನರ್ಪುಳಿಗೆ ಹಾಕಿದರೆ ಅದರಿಂದ ಹೊರಡುವ ಗಂಧಕದ ಡೈಆಕ್ಸೈಡ್ ಕೆಂಪು ಬಣ್ಣವನ್ನೇ ತಿಂದುಹಾಕುತ್ತದೆ. ಆಸ್ತಮಾ ರೋಗಿಗಳಿಗೂ ಅದು ಒಗ್ಗದು. ಪುನರ್ಪುಳಿ, ನೇರಳೆ, ಕಪ್ಪು ದ್ರಾಕ್ಷಿಗಳಿಗೆ ಸೋಡಿಯಂ ಬೆಂಜೊಯೇಟೇ ತಕ್ಕುದು. ಇದು ಹುಳಿಯಲ್ಲಿ ಮಾತ್ರ ಕೆಲಸ ಮಾಡುವ ವಸ್ತು: ಪಿ.ಎಚ್. 3ರಲ್ಲಿ ಇದರ ನೂರಕ್ಕೆ 94 ಪಾಲು ಸೂಕ್ಷ್ಮಜೀವಿಯ ಪೊರೆಯನ್ನು ದಾಟಬಲ್ಲ ರೂಪದಲ್ಲಿರುತ್ತದೆ; ಪಿ.ಎಚ್. 6ರಲ್ಲಿ ಎರಡು ಪಾಲೂ ಇರುವುದಿಲ್ಲ. 1955ರ ಆಜ್ಞೆಯು ಸ್ಕ್ವಾಷಿನಂಥ ಪಾನೀಯಗಳಲ್ಲಿ ಬೆಂಜೋಯಿಕ್ ಆಮ್ಲಕ್ಕೆ ಹಾಕಿದ್ದ ಮಿತಿ ಹತ್ತು ಲಕ್ಷದಲ್ಲಿ 600 ಭಾಗ. ಒಂದು ಕಿಲೋಗ್ರಾಂ ಪಾಕಕ್ಕೆ 0.7 ಗ್ರಾಂ ಬೆಂಜೊಯೇಟ್ ಹಾಕಿದರೆ ಈ ಮಿತಿಯೊಳಗೇ ಇರುತ್ತೇವೆ. ಮನೆಯ ತಕ್ಕಡಿಯಲ್ಲಿ 0.7 ಗ್ರಾಂ ತೂಗುವಂತಿಲ್ಲ; 7 ಗ್ರಾಂ ತೂಗಿ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ದ್ರಾವಣವನ್ನು 100 ಮಿಲಿಲೀಟರಿಗೆ ತಂದು, ಕಿಲೋಗ್ರಾಮಿಗೆ 10 ಮಿಲಿಲೀಟರಿನಂತೆ ಬೆರೆಸಬಹುದು. ಆಹಾರಕ್ಕೆಂದೇ ತಯಾರಾದುದನ್ನು ಮಾತ್ರ ಕೊಳ್ಳಬೇಕು. ಸಕ್ಕರೆ 65 ಮುಟ್ಟಿದ್ದು, ಸೀಸೆ ಶುದ್ಧವಾಗಿದ್ದು, ತೆರೆದ ಮೇಲೆ ಶೀತಕ ಪೆಟ್ಟಿಗೆಯಲ್ಲಿಡುವವರಿಗೆ ಇದರ ಅಗತ್ಯ ಬೀಳದೆಂದೇ ನಮ್ಮ ಅಭಿಪ್ರಾಯ.

ಕೆಂಪು ಬಣ್ಣವು ಆಂಥೊಸಯನಿನ್ ವರ್ಗದ್ದು. ಬೆಳಕೂ ಕಾವೂ ಅದನ್ನು ಮಾಸಿಸುತ್ತವೆ. ಆದುದರಿಂದ ರಸವಿಳಿದ ಮೇಲೆ ಬಿಸಿಲಿನ ಕೆಲಸ ಮುಗಿಯಿತು. ಸೀಸೆಗಳು ಕತ್ತಲೆಯ ಮೂಲೆಯಲ್ಲಿರಲಿ. ಪಾಕವನ್ನು ಒಲೆಯ ಮೇಲೆ ಕುದಿಸಿ ಗಟ್ಟಿಮಾಡುವ ಪದ್ಧತಿ ಬೇಗನೆ ಮುಗಿಯುವುದು ನಿಜ. ಬಣ್ಣ ಕಂದುವುದೂ ನಿಜ. ಮಕ್ಕಳಿಗೆ ಒಂದು ಪ್ರಯೋಗ ಮಾಡಿ ತೋರಿಸಬಹುದು: ನೀರು ಬೆರೆಸಿದ ಪಾಕಕ್ಕೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕುತ್ತ ಹೋದರೆ ಕೆಂಪು ಅಳಿದು ನೀಲಿಗೆ ಹೊರಳುತ್ತದೆ, ಕೂಡಲೇ ನಿಂಬೆರಸ ಹಿಂಡಿದರೆ ಕೆಂಪು ಮರಳುತ್ತದೆ.

ಈ ಹಣ್ಣಿನ ಮುಖ್ಯ ಹುಳಿಯಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಬೊಜ್ಜನ್ನು ಕರಗಿಸುತ್ತದೆಂಬ ಜಾಹೀರಾತುಗಳು ಬಹಳ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಆ ಭರವಸೆಯನ್ನು ಗಟ್ಟಿಯಾಗಿ ಎತ್ತಿಹಿಡಿದಿಲ್ಲ; ಎರಡರಷ್ಟು ಸಕ್ಕರೆ ಬೆರೆತ ಪಾಕದಿಂದ ಬೊಜ್ಜು ಇಳಿಯಲೆಂದು ಆಶಿಸುವುದಂತೂ ವಿನೋದವೇ ಸರಿ. ಒಂದು ಲೋಟ ಷರಬತ್ತಿಗೆ 40 ಮಿಲಿಲೀಟರು ಪಾಕ ಹಾಕಿದರೆ ಅದರಲ್ಲಿ ಸುಮಾರು 34 ಗ್ರಾಂ ಸಕ್ಕರೆಯಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ ಸಾಧಾರಣ ವಯಸ್ಕರಿಗೆ ದಿನಕ್ಕೆ ಸುಮಾರು 50 ಗ್ರಾಂ ಮೇಲ್ಮಿತಿ. ಒಂದೇ ಲೋಟದಲ್ಲಿ ಅದರ ಮೂರರಲ್ಲಿ ಎರಡು ಪಾಲು ಮುಗಿಯಿತು.

ಮಧುಮೇಹವಿರುವ ಮನೆಗಳಿಗೆ ಕೊಂಕಣದವರ ಇನ್ನೊಂದು ದಾರಿಯಿದೆ. ಅವರು ಸಕ್ಕರೆಯ ಬದಲು ಉಪ್ಪನ್ನು ಬೆರೆಸಿ ರಸವನ್ನು ಇಳಿಸುತ್ತಾರೆ. ಅಗಳ ಎಂದು ಅದರ ಹೆಸರು. ಕೆಲಸ ಮಾಡುವುದು ಅದೇ ಅಭಿಸರಣೆಯೇ. ಉಪ್ಪಿನ ಕಣಗಳು ಸಕ್ಕರೆಯ ಕಣಗಳಿಗಿಂತ ಬಹಳ ಚಿಕ್ಕವಾದುದರಿಂದಲೂ ನೀರಿನಲ್ಲಿ ಎರಡಾಗಿ ಒಡೆಯುವುದರಿಂದಲೂ, ತೂಕದಲ್ಲಿ ಅತಿ ಕಡಿಮೆ ಉಪ್ಪು ಬಹಳ ಹೆಚ್ಚು ಸಕ್ಕರೆಯ ಕೆಲಸವನ್ನು ಮಾಡುತ್ತದೆ. ತೆಂಗಿನಹಾಲಿಗೆ ಇದನ್ನು ಒಂದೆರಡು ಚಮಚ ಬೆರೆಸಿದರೆ ಸೋಲಕಡಿ ಸಿದ್ಧ. ರಕ್ತದೊತ್ತಡವುಳ್ಳವರು ಮಾತ್ರ ಇದರಲ್ಲಿಯೂ ಕೈ ಹಿಡಿಯಬೇಕಾಗುತ್ತದೆ. ಅವರಿಗೆ ಒಣಸಿಪ್ಪೆಯನ್ನು ನೆನೆಹಾಕಿ ಆಗಿಂದಾಗ ಮಾಡುವ ಸಪ್ಪೆ ಪಾನಕವೇ ಉಳಿದ ದಾರಿ.

ಬೇರೆ ತೆಗೆದಿಟ್ಟ ಬೀಜಗಳನ್ನು ಎಸೆಯಬಾರದು. ತೊಳೆದು ಒಣಗಿಸಿ, ಕುಟ್ಟಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ಆರಿದ ಮೇಲೆ ಗಟ್ಟಿಯಾಗುತ್ತದೆ. ಅದೇ ಮುರುಗಲ ತುಪ್ಪ. ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚಲು ಅದನ್ನು ಉಂಡೆ ಮಾಡಿ ಇಡುತ್ತಾರೆ.