ಎಷ್ಟು ಶುದ್ಧವಾದರೆ ಸಾಕು? ಕೊಡೈಕೆನಾಲ್ ಕಲಿಸುವ ಪಾಠ

ಕಾರ್ಖಾನೆ ಮುಚ್ಚಿದ ಕೂಡಲೇ ಮಾಲಿನ್ಯ ಮುಗಿಯುವುದಿಲ್ಲ. ಮಣ್ಣಿನಲ್ಲಿ, ಅಂತರ್ಜಲದಲ್ಲಿ ಸೇರಿದ ವಿಷ ದಶಕಗಳ ಕಾಲ ಉಳಿಯಬಲ್ಲದು. ಇಂಥ ಜಾಗವನ್ನು ‘ಕಲುಷಿತ ತಾಣ’ ಎನ್ನುತ್ತಾರೆ. ಅದನ್ನು ಶುದ್ಧಗೊಳಿಸುವುದು ತಜ್ಞರ ಕೆಲಸ, ಅಲ್ಲಿ ಸಾರ್ವಜನಿಕರಿಗೇನು ಪಾತ್ರ ಎಂದು ಕೆಲವರು ಕೇಳುತ್ತಾರೆ. ತಮಿಳುನಾಡಿನ ಕೊಡೈಕೆನಾಲ್ ಪ್ರಕರಣದಲ್ಲಿ ಇದಕ್ಕೆ ಉತ್ತರವಿದೆ.

ನಡೆದದ್ದೇನು?

1980ರ ದಶಕದ ಆರಂಭದಲ್ಲಿ ಅಮೆರಿಕದ ವಾಟರ್‌ಟೌನ್‌ನಿಂದ ಥರ್ಮಾಮೀಟರ್ ಕಾರ್ಖಾನೆಯೊಂದು ಕೊಡೈಕೆನಾಲ್‌ಗೆ ಬಂತು. ಮುಂದೆ ಅದು ಹಿಂದೂಸ್ತಾನ್ ಲಿವರ್ (ಈಗಿನ ಹಿಂದೂಸ್ತಾನ್ ಯೂನಿಲಿವರ್) ಕಂಪನಿಯ ಒಡೆತನಕ್ಕೆ ಸೇರಿತು. 2001ರ ಮಾರ್ಚ್‌ನಲ್ಲಿ ಸ್ಥಳೀಯ ನಿವಾಸಿಗಳು ಮತ್ತು ಗ್ರೀನ್‌ಪೀಸ್ ಕಾರ್ಯಕರ್ತರು ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಅಂಟಿದ್ದ ಒಡೆದ ಗಾಜಿನ ರಾಶಿಯನ್ನು ಬಯಲಿಗೆಳೆದರು. ಕಾರ್ಖಾನೆ ನಿಂತಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ವಾಪಸು ಕಳುಹಿಸಲಾಯಿತು. ಆದರೆ ಮಣ್ಣಿನಲ್ಲಿದ್ದ ಪಾದರಸ ಅಲ್ಲಿಯೇ ಉಳಿಯಿತು.

ಪಾದರಸದ ಅಪಾಯ

ಪಾದರಸ ಸಾಮಾನ್ಯ ಉಷ್ಣಾಂಶದಲ್ಲೇ ಆವಿಯಾಗುವ ಲೋಹ. ಆ ಆವಿ ಉಸಿರಿನ ಮೂಲಕ ದೇಹ ಸೇರಿ ನರಮಂಡಲಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ. ನೀರಿಗೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಇದು ಮೀನಿನ ದೇಹದಲ್ಲಿ ಶೇಖರವಾಗಿ ಆಹಾರ ಸರಪಳಿಯಲ್ಲಿ ಮೇಲೇರುತ್ತದೆ. ಕೊಡೈಕೆನಾಲ್‌ನ ಕಾರ್ಖಾನೆ ಇದ್ದದ್ದು ಪಾಂಬಾರ್ ಶೋಲಾ ಕಾಡಿನ ಮೇಲ್ಭಾಗದ ಗುಡ್ಡದಲ್ಲಿ. ಮಳೆನೀರು ಹರಿಯುವುದು ಆ ಕಾಡಿನತ್ತ.

ಜನರು ಸೇರಿಸಿದ್ದೇನು?

ಒಂದು, ಮಾಹಿತಿ. ಗಾಜು ಗುಜರಿ ಅಂಗಡಿಗೆ ಹೋದದ್ದನ್ನು ಮೊದಲು ಬೆಳಕಿಗೆ ತಂದದ್ದು ಯಾವುದೇ ಇಲಾಖೆಯ ತಪಾಸಣೆಯಲ್ಲ, ಊರಿನ ಜನ.

ಎರಡು, ಕಾರ್ಮಿಕರ ದನಿ. ಮಾಜಿ ಕಾರ್ಮಿಕರು ತಮ್ಮ ಆರೋಗ್ಯದ ಪ್ರಶ್ನೆಯನ್ನು ಮದ್ರಾಸ್ ಹೈಕೋರ್ಟಿಗೆ ಒಯ್ದರು. ಕೆಲಸದಿಂದ ಆರೋಗ್ಯ ಕೆಟ್ಟಿತೆಂಬುದನ್ನು ಕಂಪನಿ ಒಪ್ಪಲಿಲ್ಲ. ಆದರೂ 2016ರಲ್ಲಿ 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದಕ್ಕೆ ಬಂತು.

ಮೂರು, ಮುಖ್ಯ ಪ್ರಶ್ನೆ: ಎಷ್ಟು ಶುದ್ಧವಾದರೆ ಸಾಕು? ಒಂದು ಕಿಲೋ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸ ಉಳಿಯಬಹುದು ಎಂಬ ಮಿತಿಯನ್ನು ಗುರಿಯಾಗಿ ಇಟ್ಟುಕೊಳ್ಳಲಾಯಿತು. ಕಾಡು ಮತ್ತು ನೀರಿನ ಮೂಲದ ನೆತ್ತಿಯ ಮೇಲಿರುವ ಜಾಗಕ್ಕೆ ಇದು ಸಡಿಲವಾಯಿತು ಎಂದು ಹೋರಾಟಗಾರರು ವಾದಿಸಿದರು. ಇನ್ನೂ ಆಳಕ್ಕೆ ಅಗೆದರೆ ಮರಗಳು ಹೋಗಿ ಮಣ್ಣು ಕೊಚ್ಚಿಹೋಗುತ್ತದೆ ಎಂಬುದು ಎದುರು ವಾದ.

ಇಲ್ಲಿ ಗಮನಿಸಿ. ಮಣ್ಣಿನಲ್ಲಿ ಪಾದರಸ ಎಷ್ಟಿದೆ ಎಂಬುದನ್ನು ಪ್ರಯೋಗಾಲಯ ಹೇಳಬಲ್ಲದು. ಎಷ್ಟು ಅಪಾಯವನ್ನು, ಯಾರು ಹೊರಬೇಕು ಎಂಬುದನ್ನು ಪ್ರಯೋಗಾಲಯವೊಂದೇ ತೀರ್ಮಾನಿಸಲಾಗದು. ಅಪಾಯದ ಜೊತೆ ಬಾಳಬೇಕಾದವರನ್ನು ಕೇಳದೆ ಆ ತೀರ್ಮಾನ ನ್ಯಾಯಯುತವಾಗದು.

ನಮಗಿರುವ ದಾರಿಗಳು

ಹೊಸ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಾರ್ವಜನಿಕ ವಿಚಾರಣೆ ಇದೆ. ಈಗಾಗಲೇ ಕೆಟ್ಟಿರುವ ಜಾಗದ ವಿಷಯದಲ್ಲಿ ಜನರೇ ಮುಂದಾಗಿ ಕೇಳಬೇಕಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪರೀಕ್ಷಾ ವರದಿಗಳನ್ನು ಪಡೆಯಬಹುದು. ಬಾಧಿತರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕ ಅದರ ಚೆನ್ನೈ ಪೀಠದ ವ್ಯಾಪ್ತಿಯಲ್ಲಿದೆ. ಕಲುಷಿತ ತಾಣಗಳಿಗೆಂದೇ ಕೇಂದ್ರ ಸರ್ಕಾರ 2025ರಲ್ಲಿ ನಿಯಮಗಳನ್ನು ಹೊರಡಿಸಿದೆ. ಶಂಕಿತ ತಾಣಗಳನ್ನು ಗುರುತಿಸುವ ಹೊಣೆ ಅದರಲ್ಲಿ ಸ್ಥಳೀಯ ಸಂಸ್ಥೆ ಮತ್ತು ಜಿಲ್ಲಾಡಳಿತದ ಮೇಲಿದೆ. ಆದ್ದರಿಂದ ಪಂಚಾಯತ್ ಅಥವಾ ನಗರಸಭೆಗೆ ಕೊಡುವ ಒಂದು ಲಿಖಿತ ಅರ್ಜಿಗೂ ಬೆಲೆಯಿದೆ.

ದಾರಿಯಲ್ಲಿ ಬಿದ್ದಿರುವ ತೊಂದರೆಯನ್ನು ಸರಿಸುವುದೂ ಸದಕಾ ಎಂದು ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದಾರೆ. ಮುಳ್ಳು, ಕಲ್ಲು ಕಣ್ಣಿಗೆ ಕಾಣುತ್ತವೆ. ಮಣ್ಣಿನೊಳಗಿನ ವಿಷ ಕಾಣುವುದಿಲ್ಲ. ಅದನ್ನು ಸರಿಸಲು ಕೈಯ ಜೊತೆಗೆ ಅರಿವೂ, ಪ್ರಶ್ನಿಸುವ ಧೈರ್ಯವೂ ಬೇಕು.

ಚರ್ಚೆಗೆ ಪ್ರಶ್ನೆಗಳು

1. ಪಾದರಸದ ಮಿತಿಯನ್ನು ನಿರ್ಧರಿಸುವ ಸಮಿತಿಯಲ್ಲಿ ಯಾರ್ಯಾರು ಇರಬೇಕು? ಏಕೆ?
2. ತ್ಯಾಜ್ಯವನ್ನು ಬೇರೆ ಊರಿಗೆ ಸಾಗಿಸಿದರೆ ಸಮಸ್ಯೆ ಪರಿಹಾರವಾದಂತೆಯೇ?
3. ನಿಮ್ಮ ಊರಿನ ಹಳೆಯ ಕಾರ್ಖಾನೆ ಅಥವಾ ಕಸದ ಜಾಗವೊಂದರ ಬಗ್ಗೆ ಹಿರಿಯರಿಂದ ಏನು ತಿಳಿಯಬಹುದು? ಕೇಳಿ, ಬರೆದು ತನ್ನಿ.