ಬೀಗದಂಗಡಿಯ ಗುಟ್ಟಿಗೊಂದು ಕಾಗದದ ಬೀಗ

ಊರಿನವರ ಮನೆಗೆಲ್ಲ ಬೀಗ ಕೂರಿಸಿಕೊಡುವವರ ಅಂಗಡಿಯಲ್ಲಿ ಗುಟ್ಟುಗಳು ಮಾತ್ರ ತೆರೆದೇ ಬಿದ್ದಿರುತ್ತವೆ. ಗಲ್ಲಾ ಪೆಟ್ಟಿಗೆಯ ಕೆಳಗೆ ಎಣ್ಣೆ ಹತ್ತಿದ ಒಂದು ನೋಟ್‌ಬುಕ್. ಯಾವ ಹಾಸ್ಟೆಲಿನ ಯಾವ ಕೋಣೆಗೆ ಯಾವ ಕೀ ನಂಬರು, ಯಾವ ಅಪಾರ್ಟ್‌ಮೆಂಟಿನ ಮಾಸ್ಟರ್ ಕೀಯ ಹಲ್ಲು ಎಷ್ಟೆಷ್ಟು ಆಳ, ಹಲ್ಲು ಕೊರೆಯದ ಬ್ಲ್ಯಾಂಕ್ ಕೀ ಯಾರಿಂದ ಎಷ್ಟಕ್ಕೆ ಬರುತ್ತದೆ, ಎಲ್ಲವೂ ಅದರಲ್ಲೇ. ಐದು ವರ್ಷ ಜೊತೆಗಿದ್ದು ಕೆಲಸ ಕಲಿತ ಹುಡುಗ ಆ ಪುಟಗಳ ಫೋಟೊ ಹೊಡೆದುಕೊಂಡು ಎದುರು ರಸ್ತೆಯಲ್ಲೇ ಅಂಗಡಿ ತೆರೆದರೆ?

ವ್ಯಾಪಾರದ ಗುಟ್ಟಿಗೆಂದೇ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಅಂಥದೊಂದು ಬೇಕೆಂದು ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯಲ್ಲಿ ಹೇಳಿ, ಕರಡನ್ನೂ ಜೊತೆಗಿಟ್ಟಿತು. ಅದು ಕಾಯ್ದೆಯಾಗುವ ತನಕ ಕೈಲಿರುವ ಮುಖ್ಯ ಹತಾರ ಗೋಪ್ಯತಾ ಕರಾರು, ಕಂಪನಿಗಳವರ ಬಾಯಲ್ಲಿ ಎನ್‌ಡಿಎ.

1. ಗುಟ್ಟು ಯಾವುದು, ಮೊದಲು ಬರೆದುಕೊಳ್ಳಿ

‘ಅಂಗಡಿಗೆ ಸಂಬಂಧಿಸಿದ ಎಲ್ಲ ವಿಷಯವೂ ಗುಟ್ಟು’ ಎಂದು ಬರೆದರೆ ಯಾವುದೂ ಗುಟ್ಟಾಗಿ ಉಳಿಯುವುದಿಲ್ಲ. ಮಾಸ್ಟರ್ ಕೀ ಚಾರ್ಟ್, ಕೀ ಕೋಡ್‌ಗಳ ಪುಸ್ತಕ, ಕಾರುಗಳ ಚಿಪ್ ಕೀಗೆ ಬೇಕಾದ ಪಿನ್ ನಂಬರುಗಳು, ಗಿರಾಕಿಗಳ ಪಟ್ಟಿ, ಗುತ್ತಿಗೆಯ ದರ, ಬ್ಲ್ಯಾಂಕ್ ತರಿಸುವ ಜಾಗ ಎಂದು ಒಂದೊಂದಾಗಿ ಹೆಸರಿಸಿ.

ಕಸುಬಿನ ತಿಳಿವಳಿಕೆಯನ್ನು ಈ ಪಟ್ಟಿಗೆ ತುರುಕಬೇಡಿ. 2003ರಲ್ಲಿ ಮ್ಯಾಟ್ ಬ್ಲೇಜ್ ಎಂಬ ಅಮೆರಿಕದ ಸಂಶೋಧಕ, ಒಂದೇ ಕೋಣೆಯ ಕೀ, ಒಂದಷ್ಟು ಬ್ಲ್ಯಾಂಕು ಮತ್ತು ಒಂದು ಅರ ಇದ್ದರೆ ಇಡೀ ಕಟ್ಟಡದ ಮಾಸ್ಟರ್ ಕೀ ಮಾಡಿಕೊಳ್ಳಬಹುದೆಂದು ಪ್ರಬಂಧ ಬರೆದು ಪ್ರಕಟಿಸಿದರು. ಅಲ್ಲಿನ ಬೀಗದ ಕಸುಬಿನವರು ಕೆಂಡವಾದರು. ತಮ್ಮೊಳಗೆ ಗೊತ್ತಿದ್ದ ಸಂಗತಿ ಬೀದಿಗೆ ಬಂತೆಂಬ ಸಿಟ್ಟು. ಬೀದಿಗೆ ಬಂದದ್ದನ್ನು ಇನ್ನು ಯಾವ ಕರಾರೂ ಒಳಗೆ ಕರೆಯಲಾರದು. ಆದರೆ ನೀವು ಬೀಗ ಕೂರಿಸಿದ ಹಾಸ್ಟೆಲಿನ ಚಾರ್ಟ್ ಇವತ್ತಿಗೂ ಗುಟ್ಟೇ.

2. ಕೈಗೆ ಹತ್ತಿದ ಕಸುಬು ಹುಡುಗನದು, ಪುಸ್ತಕ ನಿಮ್ಮದು

ಮಾಲೀಕರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ‘ಕೆಲಸ ಬಿಟ್ಟ ಮೇಲೆ ಮೂರು ವರ್ಷ ಈ ಊರಿನಲ್ಲಿ ಬೀಗದ ಅಂಗಡಿ ಇಡಕೂಡದು’ ಎಂದು ಬರೆಸಿಕೊಂಡು ನಿಶ್ಚಿಂತೆಯಿಂದ ಮಲಗುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಒಬ್ಬನ ಉದ್ಯೋಗ ವ್ಯಾಪಾರಕ್ಕೆ ಅಡ್ಡ ಬರುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ. ಕಾಯ್ದೆ ಬಂದ ಎರಡೇ ವರ್ಷಕ್ಕೆ, 1874ರಲ್ಲಿ, ಕಲ್ಕತ್ತಾ ಹೈಕೋರ್ಟಿಗೆ ಇಬ್ಬರು ಕಂಚುಗಾರರ ಜಗಳ ಬಂತು. ಈ ಭಾಗದಲ್ಲಿ ನೀನು ಅಂಗಡಿ ಮುಚ್ಚಿದರೆ ಇಷ್ಟು ಹಣ ಕೊಡುತ್ತೇನೆಂದು ಒಬ್ಬ ಮಾತು ಕೊಟ್ಟಿದ್ದ, ಇನ್ನೊಬ್ಬ ಮುಚ್ಚಿದ, ಹಣ ಬರಲಿಲ್ಲ. ಕೋರ್ಟು ಆ ಒಪ್ಪಂದವೇ ಶೂನ್ಯ ಎಂದಿತು. ಊರಿನ ಒಂದು ಭಾಗದ ಮಟ್ಟಿಗೆ ಹೇರಿದ ನಿರ್ಬಂಧವನ್ನೂ ಅದು ಒಪ್ಪಲಿಲ್ಲ.

ಕೆಲಸದಲ್ಲಿರುವಷ್ಟು ದಿನ ಬೇರೆಯವರಿಗೆ ದುಡಿಯಬಾರದೆಂಬ ಷರತ್ತು ನಿಲ್ಲುತ್ತದೆ. ಅದನ್ನು ಸುಪ್ರೀಂ ಕೋರ್ಟು 1967ರಲ್ಲಿ ಗೋಲಿಕರಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಬಿಟ್ಟ ಮೇಲಿನ ನಿರ್ಬಂಧ ನಿಲ್ಲುವುದಿಲ್ಲ. ಆದ್ದರಿಂದ ‘ಅಂಗಡಿ ತೆರೆಯಕೂಡದು’ ಎಂಬ ಸಾಲು ಹೊಡೆದು ಹಾಕಿ, ‘ಇಂತಿಂಥ ಮಾಹಿತಿಯನ್ನು ಬಳಸಕೂಡದು, ಯಾರಿಗೂ ಕೊಡಕೂಡದು’ ಎಂದು ಬರೆಯಿರಿ. ಅವನು ಎದುರಿಗೇ ಅಂಗಡಿ ಇಡಲಿ. ನಿಮ್ಮ ಚಾರ್ಟ್ ಅಲ್ಲಿರಬಾರದು, ಅಷ್ಟೇ.

3. ಸೇರುವ ದಿನವೇ ಸಹಿ

ಹಳೆಯ ಕೆಲಸಗಾರನಿಗೆ ಈಗ ಸಹಿ ಹಾಕಿಸುವುದಾದರೆ ಸಂಬಳ ಏರಿಸುವ ತಿಂಗಳಲ್ಲೇ ಹಾಕಿಸಿ. ಆ ಏರಿಕೆಯೇ ಕರಾರಿಗೆ ಪ್ರತಿಫಲ. ಪ್ರತಿಫಲವಿಲ್ಲದ ಕರಾರು ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ ಊರ್ಜಿತವಲ್ಲ. ಖಾಲಿ ಛಾಪಾ ಕಾಗದಕ್ಕೆ ಸಹಿ ಪಡೆದು ಬೀರುವಿನಲ್ಲಿಡುವ ಜಾಣತನ ಮಾತ್ರ ಬೇಡ. ಅದು ನಿಮ್ಮ ಮೇಲೇ ತಿರುಗುತ್ತದೆ.

4. ಹದಿನೆಂಟು ತುಂಬಿದೆಯೇ ಎಂದು ನೋಡಿ

ಈ ಕಸುಬಿಗೆ ಹುಡುಗರು ಎಳೆಯರಾಗಿದ್ದಾಗಲೇ ಬರುತ್ತಾರೆ. ಅಪ್ರಾಪ್ತ ವಯಸ್ಕ ಮಾಡಿಕೊಂಡ ಕರಾರು ಶೂನ್ಯವೆಂದು 1903ರಲ್ಲೇ ಪ್ರಿವಿ ಕೌನ್ಸಿಲ್ ಮೋಹರಿ ಬೀಬಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹದಿನೇಳರ ಹುಡುಗನ ಸಹಿ ಕಾಗದದ ಮೇಲಿನ ಶಾಯಿ ಮಾತ್ರ. ಹದಿನೆಂಟಾದ ಮೇಲೆ ಹೊಸದಾಗಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಅವನಿಗೆ ಅರ ಹಿಡಿಯಲು ಕಲಿಸಿ, ನೋಟ್‌ಬುಕ್ ಕೊಡಬೇಡಿ.

5. ಅವನು ಓದುವ ಭಾಷೆಯಲ್ಲಿರಲಿ

ಅಂತರ್ಜಾಲದಿಂದ ಇಳಿಸಿಕೊಂಡ ಇಂಗ್ಲಿಷ್ ಕರಾರಿನಲ್ಲಿ ‘ಡೆಲಾವೇರ್ ರಾಜ್ಯದ ಕಾನೂನು ಅನ್ವಯ’ ಎಂಬ ಸಾಲು ಹಾಗೇ ಉಳಿದಿರುವುದುಂಟು. ಹುಬ್ಬಳ್ಳಿಯ ಕೀಲಿ ಅಂಗಡಿಗೂ ಅಮೆರಿಕದ ಡೆಲಾವೇರ್‌ಗೂ ಏನು ನಂಟು! ಎರಡು ಪುಟ ಸಾಕು, ಕನ್ನಡದಲ್ಲಿ. ಹುಡುಗ ಉರ್ದು ಅಥವಾ ಹಿಂದಿ ಬಲ್ಲವನಾದರೆ ಆ ಭಾಷೆಯಲ್ಲಿ ಓದಿ ಹೇಳಿ, ಹಾಗೆ ಹೇಳಲಾಯಿತೆಂದು ಸಾಕ್ಷಿಯ ಸಹಿ ಹಾಕಿಸಿ. ಅರ್ಥವಾಗದೆ ಸಹಿ ಹಾಕಿದೆ ಎಂಬ ವಾದಕ್ಕೆ ಆಗ ಎಡೆಯಿರುವುದಿಲ್ಲ.

6. ಕರಾರಿನಷ್ಟೇ ಕಪಾಟೂ ಮುಖ್ಯ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದು. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 39ನೇ ವಿಧಿ ಗುಟ್ಟಿಗೆ ಮೂರು ಲಕ್ಷಣ ಹೇಳುತ್ತದೆ: ಅದು ಎಲ್ಲರಿಗೂ ತಿಳಿದಿರಬಾರದು, ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆಯಿರಬೇಕು, ಮತ್ತು ಅದನ್ನು ಕಾಪಾಡಲು ಒಡೆಯ ತಕ್ಕ ಎಚ್ಚರ ವಹಿಸಿರಬೇಕು. ಚಾರ್ಟನ್ನು ಗೋಡೆಗೆ ಅಂಟಿಸಿಟ್ಟು, ಕಂಪ್ಯೂಟರಿಗೆ ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಇಟ್ಟು, ಕೀ ಕೋಡ್‌ಗಳನ್ನು ಅಂಗಡಿಯ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವವರು ಕೋರ್ಟಿನಲ್ಲಿ ‘ಇದು ನನ್ನ ಗುಟ್ಟು’ ಎಂದರೆ ಎದುರು ವಕೀಲರು ನಗುತ್ತಾರೆ.

ನೋಟ್‌ಬುಕ್ಕಿಗೆ ಬೀಗವಿರುವ ಕಪಾಟು. ಯಾರು ಯಾವಾಗ ತೆಗೆದರೆಂದು ಬರೆಯುವ ಒಂದು ರಿಜಿಸ್ಟರ್. ಗಿರಾಕಿಯ ಹೆಸರು, ವಿಳಾಸ ಒಂದು ಪುಸ್ತಕದಲ್ಲಿ, ಕೀ ಕೋಡ್ ಇನ್ನೊಂದರಲ್ಲಿ, ನಡುವೆ ಬರೀ ಒಂದು ಕ್ರಮಸಂಖ್ಯೆ. ಒಂದೇ ಪುಸ್ತಕ ಕಳೆದರೆ ಯಾರ ಮನೆಯೂ ತೆರೆಯುವುದಿಲ್ಲ. ಈ ಮಾಹಿತಿ ನಿಜಕ್ಕೂ ಗಿರಾಕಿಯದು, ನೀವು ಅದನ್ನು ಕಾಯುವವರು.

7. ಹೊರಗಿನವರನ್ನು ಮರೆಯಬೇಡಿ

ಕೀ ಕಟಿಂಗ್ ಮೆಷಿನ್ ರಿಪೇರಿಗೆ ಬರುವವನು, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವನು, ಪಾಲುದಾರನಾಗುತ್ತೇನೆಂದು ಲೆಕ್ಕ ನೋಡಲು ಬರುವವನು, ಎಲ್ಲರಿಗೂ ಒಂದೊಂದು ಪುಟದ ಕರಾರು. ಬರಹದಲ್ಲಿ ಇಲ್ಲದಿದ್ದರೆ ಎಲ್ಲ ಮುಗಿಯಿತೆಂದಲ್ಲ. ಮೇವು ಬೆಳೆಸುವ ಯಂತ್ರದ ನಕ್ಷೆಗಳನ್ನು ನಂಬಿಕೆಯಿಂದ ಪಡೆದವರು ತಾವೇ ಅಂಥ ಯಂತ್ರ ಮಾಡಹೊರಟಾಗ ದೆಹಲಿ ಹೈಕೋರ್ಟು 1987ರಲ್ಲಿ ತಡೆಯಾಜ್ಞೆ ಕೊಟ್ಟಿತ್ತು. ಆದರೆ ಬರಹವಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

8. ದಂಡದ ಮೊತ್ತ ಹದದಲ್ಲಿರಲಿ

ತಿಂಗಳಿಗೆ ಹದಿನೈದು ಸಾವಿರ ದುಡಿಯುವವನಿಗೆ ಐವತ್ತು ಲಕ್ಷ ದಂಡ ಎಂದು ಬರೆಯುವುದು ಬೆದರುಬೊಂಬೆ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕೋರ್ಟು ಕೊಡಿಸುವುದು ನ್ಯಾಯವೆನಿಸುವ ಪರಿಹಾರ ಮಾತ್ರ, ಬರೆದ ಮೊತ್ತ ಅದಕ್ಕೆ ಮೇಲ್ಮಿತಿ. ಚಿಪ್ ಕೀ ಪ್ರೋಗ್ರಾಮಿಂಗ್ ಕಲಿಸಲು ನೀವೇ ಖರ್ಚು ಹಾಕಿ ಕಳಿಸಿದ್ದರೆ ಅದಕ್ಕೆ ಬೇರೆ ಬಾಂಡ್ ಬರೆಸಿ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರಲ್ಲಿ ಒಪ್ಪಿತು. ಅದು ಸರ್ಕಾರಿ ಬ್ಯಾಂಕಿನ ಮಾತು, ನಿಜ. ಆದರೂ ಹದದ ಮೊತ್ತ ನಿಲ್ಲುತ್ತದೆ ಎಂಬುದಕ್ಕೆ ಗುರುತು.

9. ಪೊಲೀಸರ ಮುಂದೆ ಬಾಯಿ ಕಟ್ಟಬೇಡಿ

‘ಯಾರಿಗೂ ಹೇಳಕೂಡದು’ ಎಂಬುದರ ಜೊತೆಗೆ ‘ಪೊಲೀಸರು, ಕೋರ್ಟು ಕಾನೂನುಬದ್ಧವಾಗಿ ಕೇಳಿದಾಗ ಹೊರತು’ ಎಂದು ಸೇರಿಸಿ. ಕಳ್ಳತನದ ತನಿಖೆಯಲ್ಲಿ ಡೂಪ್ಲಿಕೇಟ್ ಕೀ ಮಾಡಿಕೊಟ್ಟವರನ್ನು ವಿಚಾರಿಸುವುದು ಸಹಜ. ಅಪರಾಧ ಮುಚ್ಚಿಡಲು ಬರೆಸಿದ ಕರಾರಿಗೆ ಕಾನೂನಿನಲ್ಲಿ ಜಾಗವಿಲ್ಲ.

10. ಬಿಟ್ಟು ಹೋಗುವ ದಿನದ ಕೆಲಸ

ಅಂಗಡಿಯ ಕೀ, ಪುಸ್ತಕ, ಪೆನ್‌ಡ್ರೈವ್ ವಾಪಸ್ ಪಡೆದು ಒಂದು ಚೀಟಿಗೆ ಸಹಿ ಹಾಕಿಸಿ. ಪಾಸ್‌ವರ್ಡ್ ಅದೇ ಸಂಜೆ ಬದಲಾಗಲಿ. ಗಿರಾಕಿಗಳ ಪಟ್ಟಿ ಕೈಬಿಟ್ಟು ಹೋದದ್ದು ಗೊತ್ತಾದರೆ ತಡಮಾಡದೆ ವಕೀಲರ ನೋಟಿಸು ಕಳಿಸಿ. 1995ರಲ್ಲಿ ದೆಹಲಿ ಹೈಕೋರ್ಟು, ಅಂಚೆ ಮೂಲಕ ಸರಕು ಮಾರುವ ಕಂಪನಿಯೊಂದರ ಗಿರಾಕಿಗಳ ವಿಳಾಸಪಟ್ಟಿಯನ್ನು ಹಳೆಯ ನೌಕರ ಬಳಸದಂತೆ ತಡೆದಿದೆ, ಅದೂ ಕೃತಿಸ್ವಾಮ್ಯದ ಆಧಾರದ ಮೇಲೆ.

ಬಾಕಿ ಸಂಬಳವನ್ನೂ ಅವತ್ತೇ ಎಣಿಸಿಕೊಡಿ. ಹುಡುಗನ ಸಂಬಳ, ಅಂಕಪಟ್ಟಿ ಹಿಡಿದಿಟ್ಟುಕೊಂಡು ಗುಟ್ಟು ಕದ್ದನೆಂದು ಕೋರ್ಟಿಗೆ ಬರುವ ಮಾಲೀಕನ ಪರ ವಾದಿಸಲು ಯಾವ ವಕೀಲನಿಗೂ ಉತ್ಸಾಹವಿರುವುದಿಲ್ಲ.