ಗಾಳಿಮಳೆ ನಿಂತ ಮೇಲಿನ ಹತ್ತು ದಿನ: ಬಳ್ಳಾರಿ ಸೀಮೆಯ ಮನೆಗಳಿಗೊಂದು ಕೈಪಿಡಿ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ನಗೆಯಾಡುತ್ತಾರೆ. ಊರಿನವರೂ ಅದನ್ನು ಅರ್ಧ ನಂಬಿಬಿಟ್ಟಿದ್ದಾರೆ. ತೊಂದರೆ ಇರುವುದೇ ಅಲ್ಲಿ. ನಮ್ಮ ಕಡೆ ಮನೆ ಕಟ್ಟುವುದು ಬಿಸಿಲಿಗೆ: ಮೇಲೆ ಮಣ್ಣಿನ ಮಾಳಿಗೆ, ಮುಂದೆ ತಗಡಿನ ಚಪ್ಪರ, ಹಿತ್ತಲಲ್ಲಿ ಸಾಲಾಗಿ ತುಂಬಿಟ್ಟ ನೀರಿನ ಡ್ರಮ್ಮುಗಳು. ಏಪ್ರಿಲ್–ಮೇ ಸಂಜೆಗಳಲ್ಲಿ ಬಿರುಗಾಳಿ ಎದ್ದಾಗ, ಮತ್ತೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮಳೆ ಜಡಿ ಹಿಡಿದಾಗ ಈ ಮೂರೂ ಕೈಕೊಡುತ್ತವೆ. ಗಾಳಿ ಬೀಸುವುದು ಅರ್ಧ ಗಂಟೆ. ಗೋಡೆ ಕುಸಿಯುವುದು, ವಾಂತಿಭೇದಿ ಶುರುವಾಗುವುದು, ಮಗು ಜ್ವರದಿಂದ ಮಲಗುವುದು ಎಲ್ಲ ಆಮೇಲಿನ ಹತ್ತು ದಿನಗಳಲ್ಲಿ. ಆದ್ದರಿಂದ ಈ ಕೈಪಿಡಿಯಲ್ಲಿ ಹೆಚ್ಚು ಜಾಗ ಕೊಟ್ಟಿರುವುದೂ ಆ ದಿನಗಳಿಗೇ.

ಹಂತ 1: ಮೊದಲು ಮಾಳಿಗೆ ಹತ್ತಿ ನೋಡಿ

ಕುರುಗೋಡು, ಸಿರುಗುಪ್ಪ ಭಾಗದ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ಮುಂಗಾರಿಗೆ ಮುಂಚೆ ಅವುಗಳ ಮೇಲೆ ಸವಳು ಮಣ್ಣು ಹರಡುವುದು ಹಳೆಯ ರೂಢಿ, ಒಳ್ಳೆಯ ರೂಢಿ. ಸವಳು ನೆನೆದರೆ ನುಣ್ಣಗೆ ಬಿಗಿದುಕೊಂಡು ಕೂರುತ್ತದೆ, ನೀರನ್ನು ಕೆಳಗೆ ಬಿಡುವುದಿಲ್ಲ. ಆದರೆ ಹಳೆಯ ಪದರ ಕೆರೆದು ತೆಗೆಯದೆ ವರ್ಷ ವರ್ಷವೂ ಅದರ ಮೇಲೇ ಹಾಕುತ್ತ ಹೋದರೆ ತೊಲೆಗಳು ಭಾರ ತಾಳುವುದಿಲ್ಲ. ಮೊದಲು ಕೆರೆದು, ಬಿಲ ಬಿದ್ದಲ್ಲಿ ಮುಚ್ಚಿ, ನೀರು ಹೊರಬೀಳುವ ಕೊಳವೆ ಕಟ್ಟಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಹೊಸ ಮಣ್ಣು ಹಾಕಿ.

ನಗರದಲ್ಲಿ ಸಮಸ್ಯೆ ತಗಡಿನದು. ತಗಡು ಹಾರದಿರಲೆಂದು ಮೇಲೆ ಕಲ್ಲು, ಹಳೆಯ ಟೈರು ಹೇರುವುದನ್ನು ಎಲ್ಲ ಬಡಾವಣೆಗಳಲ್ಲೂ ಕಾಣಬಹುದು. ಜೋರು ಗಾಳಿಗೆ ತಗಡು ಎದ್ದರೆ ಆ ಕಲ್ಲು ಬೀಳುವುದು ಕೆಳಗಿರುವವರ ತಲೆ ಮೇಲೆ. ಕಲ್ಲು ಇಳಿಸಿ, ಬೋಲ್ಟು ಹಾಕಿಸಿ. ಆಧಾರ್, ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿ, ಜಾತಿ–ಆದಾಯ ಪ್ರಮಾಣಪತ್ರಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಹಂತ 2: ಗುಡುಗು ಕೇಳಿದರೆ ಕಣ ಬಿಡಿ

ಈ ಸೀಮೆಯಲ್ಲಿ ಸಿಡಿಲಿಗೆ ಸಿಗುವ ಹೊತ್ತು ಯಾವುದೆಂದರೆ, ಕಣದಲ್ಲಿ ಹರಡಿದ ಮೆಣಸಿನಕಾಯಿಗೋ ಭತ್ತದ ರಾಶಿಗೋ ತಾಡಪತ್ರಿ ಎಳೆಯಲು ಮನೆಮಂದಿಯೆಲ್ಲ ಓಡುವ ಹೊತ್ತು. ಶಾಲೆಯಿಂದ ಆಗಷ್ಟೇ ಬಂದ ಮಕ್ಕಳೂ ಚೀಲ ಎಸೆದು ಓಡುತ್ತಾರೆ. ಮೋಡ ಕಪ್ಪಾದಾಗಲೇ ಮುಚ್ಚಿ. ಗುಡುಗು ಕಿವಿಗೆ ಬಿತ್ತೆಂದರೆ ಬಿಟ್ಟು ಬನ್ನಿ. ನೆನೆದ ಭತ್ತ ಒಣಗುತ್ತದೆ.

ಮಿಂಚು ಕಂಡ ಕೂಡಲೇ ಎಣಿಸಿ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ಪಕ್ಕಾ ಕಟ್ಟಡದೊಳಗೆ ಸೇರಿಕೊಂಡು, ಕೊನೆಯ ಗುಡುಗಿನ ನಂತರ ಮತ್ತೆ 30 ನಿಮಿಷ ಅಲ್ಲೇ ಇರಿ. ಮರದಡಿ, ತಗಡಿನ ಶೆಡ್ಡು, ಗದ್ದೆಯ ಬದುವಿನ ಪಂಪ್‌ಸೆಟ್ ಕಂಬದ ಪಕ್ಕ ನಿಲ್ಲಬೇಡಿ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ನೀವಿರುವ ಜಾಗದ 20ರಿಂದ 40 ಕಿ.ಮೀ. ಸುತ್ತಮುತ್ತ ಸಿಡಿಲಿನ ಎಚ್ಚರಿಕೆ ತೋರಿಸುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂಬ ಭಯ ಬೇಡ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆ ಒತ್ತುತ್ತ 108ಕ್ಕೆ ಕರೆ ಮಾಡಿಸಿ.

ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗದೆ ಜೆಸ್ಕಾಂನ 1912ಕ್ಕೆ ತಿಳಿಸಿ.

ಹಂತ 3: ನದಿ ದಂಡೆಯವರಿಗೆ ಇನ್ನೊಂದು ಲೆಕ್ಕ

ಸಿರುಗುಪ್ಪದಲ್ಲಿ ಬಿಸಿಲು ಕಾಯುತ್ತಿರುವಾಗಲೇ ತುಂಗಭದ್ರೆ ಉಕ್ಕುತ್ತಾಳೆ. ಮಳೆ ಬಿದ್ದಿರುವುದು ಶಿವಮೊಗ್ಗ, ಚಿಕ್ಕಮಗಳೂರಿನ ಕಡೆ. ನೀರು ಬರುವುದು ಹೊಸಪೇಟೆಯ ಜಲಾಶಯದ ಗೇಟುಗಳಿಂದ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾದಾಗ ದಂಡೆಯ ಊರುಗಳು ಮಲಗಿದ್ದವು. ಒಂದು ವಾರದ ಮೇಲೆ ಅಲ್ಲಿ ತಾತ್ಕಾಲಿಕ ಗೇಟು ಕೂರಿಸುವವರೆಗೂ ನೀರು ಹರಿಯುತ್ತಲೇ ಇತ್ತು. ಇನ್ನೊಂದು ಬದಿಯಲ್ಲಿ ವೇದಾವತಿ, ಅಂದರೆ ನಮ್ಮ ಹಗರಿ, ವರ್ಷಗಟ್ಟಲೆ ಬರೀ ಮರಳಾಗಿ ಮಲಗಿರುತ್ತದೆ. 2022ರಲ್ಲಿ ಅದರ ಮೇಲ್ಗಡೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಹಗರಿಗೂ ಜೀವ ಬಂತು. ಒಣಗಿದ ಹೊಳೆಯೆಂದು ಮಕ್ಕಳನ್ನು ಆಡಲು ಬಿಡುವ ರೂಢಿ ಕೆಟ್ಟದ್ದು.

ದಂಡೆಯ ಮನೆಯವರು ಮಾಡಬೇಕಾದ್ದು ಇಷ್ಟು. ಟಿವಿಯಲ್ಲಿ ಕೇಳುವ ‘ಒಂದು ಲಕ್ಷ ಕ್ಯುಸೆಕ್’ಗೆ ನಿಮ್ಮ ಊರಿನಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು ಹಿರಿಯರನ್ನು ಕೇಳಿ ಗುರುತು ಮಾಡಿಕೊಳ್ಳಿ, 2009ರ ಅಕ್ಟೋಬರಿನ ನೆರೆ ಕಂಡವರು ಪ್ರತಿ ಊರಲ್ಲೂ ಇದ್ದಾರೆ. ಡಂಗುರ ಕೇಳಿದರೆ ದನಕರು ಬಿಚ್ಚಿ, ಮುದುಕರನ್ನೂ ಮಕ್ಕಳನ್ನೂ ಮೊದಲು ಸಾಗಿಸಿ. ಸೇತುವೆ ಮೇಲೆ ನೀರಿದ್ದರೆ ಮೊಣಕಾಲುದ್ದವೇ ತಾನೇ ಎಂದು ದಾಟಬೇಡಿ. ಹರಿಯುವ ನೀರು ಪಾದ ಮುಳುಗುವಷ್ಟಿದ್ದರೂ ಆಳನ್ನು ಕೆಡವಬಲ್ಲದು, ಒಂದು ಅಡಿ ನೀರು ಆಟೊವನ್ನು ಎತ್ತಬಲ್ಲದು. ಬಳ್ಳಾರಿ ನಗರದ ರೈಲ್ವೆ ಕೆಳಸೇತುವೆಗಳಿಗೂ ಇದೇ ಮಾತು. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತಿಗೆ 112.

ಹಂತ 4: ಮಳೆ ನಿಂತಿತು, ಗೋಡೆ ನೋಡಿ

ಜಡಿಮಳೆಯಲ್ಲಿ ಮಣ್ಣಿನ ಗೋಡೆ ಒಳಗೊಳಗೇ ನೀರು ಕುಡಿದಿರುತ್ತದೆ. ಬಹಳಷ್ಟು ಸಲ ಅದು ಬೀಳುವುದು ಮಳೆ ಸುರಿಯುವಾಗಲ್ಲ, ಮಳೆ ಬಿಟ್ಟು ಬಿಸಿಲು ಕಂಡ ಮೇಲೆ ಅಥವಾ ಆ ರಾತ್ರಿ, ಎಲ್ಲರೂ ನಿಶ್ಚಿಂತೆಯಿಂದ ಮಲಗಿದಾಗ. ಸೂಚನೆ ಸಿಗದೆ ಇರುವುದಿಲ್ಲ: ನಿನ್ನೆವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಬಿಗಿಯಾಗುತ್ತದೆ, ಗೋಡೆ ಬುಡದಲ್ಲಿ ಪುಡಿಮಣ್ಣು ಬಿದ್ದಿರುತ್ತದೆ, ನಡುಗೋಡೆ ಉಬ್ಬಿರುತ್ತದೆ. ಇದರಲ್ಲಿ ಒಂದು ಕಂಡರೂ ಮಕ್ಕಳ ಹಾಸಿಗೆಯನ್ನು ಆ ಗೋಡೆಯ ಪಕ್ಕದಿಂದ ತೆಗೆಯಿರಿ. ಅಕ್ಕಪಕ್ಕದವರ ಪಕ್ಕಾ ಮನೆ, ಶಾಲೆ, ಸಮುದಾಯ ಭವನ ಎಲ್ಲಾದರೂ ಸರಿ, ಮೂರು ನಾಲ್ಕು ರಾತ್ರಿ ಕಳೆಯಿರಿ.

ಮನೆಗೆ ಹಾನಿಯಾಗಿದ್ದರೆ ದುರಸ್ತಿಗೆ ಕೈಹಾಕುವ ಮುಂಚೆ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದು ಗ್ರಾಮ ಆಡಳಿತಾಧಿಕಾರಿಗೆ, ನಗರದಲ್ಲಾದರೆ ಪಾಲಿಕೆಗೆ ತಿಳಿಸಿ. ವಿಪತ್ತು ಪರಿಹಾರದ ನಿಯಮದಂತೆ ಭಾಗಶಃ ಹಾನಿ ಕನಿಷ್ಠ ಶೇ 15 ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎಲ್ಲ ಬಳಿದು ಸ್ವಚ್ಛ ಮಾಡಿದ ಮೇಲೆ ಅಳೆಯುವವರು ಬಂದರೆ ತೋರಿಸಲು ಏನೂ ಉಳಿದಿರುವುದಿಲ್ಲ.

ಬಿಲಗಳಲ್ಲಿ ನೀರು ತುಂಬಿದಾಗ ಹಾವು ಮನೆಗೆ ಬರುತ್ತವೆ. ಭತ್ತದ ನಾಡಾದ ಸಿರುಗುಪ್ಪದಲ್ಲಿ ಇಲಿ ಹೆಚ್ಚು, ಇಲಿಯ ಹಿಂದೆ ಹಾವು. ನೆಲದ ಮೇಲೆ ಮಲಗುವುದನ್ನು ಸ್ವಲ್ಪ ದಿನ ಬಿಡಿ. ಕಟ್ಟುಹಾವು ಕಚ್ಚುವುದು ರಾತ್ರಿ, ನೋವೇ ಗೊತ್ತಾಗದಂತೆ. ಕಚ್ಚಿದರೆ ಹಗ್ಗ ಬಿಗಿಯಬೇಡಿ, ಬ್ಲೇಡು ಹಾಕಬೇಡಿ, ಬೇರು–ನಾರಿಗೆ ಹೊತ್ತು ಕಳೆಯಬೇಡಿ. ಕೈಕಾಲು ಅಲುಗದಂತೆ ಇಟ್ಟುಕೊಂಡು ಆಸ್ಪತ್ರೆಗೆ ಒಯ್ಯಿರಿ. 2024ರಿಂದ ರಾಜ್ಯದಲ್ಲಿ ಹಾವು ಕಡಿತ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣ.

ಹಂತ 5: ತುಂಬಿಟ್ಟ ನೀರು

ಬಳ್ಳಾರಿಯ ನಿಜವಾದ ತಲೆನೋವು ಇಲ್ಲಿದೆ. ನಲ್ಲಿ ದಿನಾ ಬರುವುದಿಲ್ಲ, ಆದ್ದರಿಂದ ಮನೆಯಲ್ಲಿ ಇರುವಷ್ಟು ಪಾತ್ರೆಗಳಲ್ಲಿ ನೀರು ತುಂಬಿಡುತ್ತೇವೆ. ‘ವಾರಕ್ಕೊಮ್ಮೆ ನೀರು ಚೆಲ್ಲಿ’ ಎಂದು ಗೋಡೆ ಬರಹದಲ್ಲಿ ಬರೆದವರು ಈ ಊರಲ್ಲಿ ನೀರು ಹಿಡಿದವರಲ್ಲ. ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಹಾಗಾದರೆ ಮಾಡುವುದೇನು? ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಏಳೆಂಟರಿಂದ ಹತ್ತು ದಿನ ಸಾಕು. ಮೊಟ್ಟೆ ಇಡುವುದು ನೀರಿನೊಳಗಲ್ಲ, ನೀರಿನ ಅಂಚಿಗೆ ಡ್ರಮ್ಮಿನ ಒಳಗೋಡೆಗೆ ಅಂಟಿಸಿ. ಒಣಗಿದರೂ ಅದು ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಅಂದರೆ ಬರೀ ಬಗ್ಗಿಸಿ ತುಂಬಿದರೆ ಕೆಲಸವಾಗಲಿಲ್ಲ. ನೀರು ಬಿಡುವ ಹಿಂದಿನ ದಿನ ಉಳಿದ ನೀರನ್ನು ಒಂದೇ ಪಾತ್ರೆಗೆ ಸೋಸಿ ಸೇರಿಸಿ. ಖಾಲಿಯಾದವನ್ನು ತೆಂಗಿನ ನಾರು ಹಾಕಿ, ಮುಖ್ಯವಾಗಿ ಮೇಲಂಚಿನ ಪಟ್ಟಿಯನ್ನು, ಗಸಗಸ ಉಜ್ಜಿ. ತುಂಬಿದ ಮೇಲೆ ಹಳೆಯ ಸೀರೆಯ ತುಂಡನ್ನು ಬಾಯಿಗೆ ಬಿಗಿದು ಕಟ್ಟಿ. ಮುಚ್ಚಳ ಓರೆಯಾಗಿ ಕೂತರೆ ಇಲ್ಲದಂತೆಯೇ ಸರಿ. ಸಂಪು, ಸಿಮೆಂಟ್ ತೊಟ್ಟಿಗೆ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡುವುದು ಆರೋಗ್ಯ ಇಲಾಖೆಯೇ ಅನುಸರಿಸುವ ಉಪಾಯ. ಆಶಾ ಕಾರ್ಯಕರ್ತೆಯನ್ನು ಕೇಳಿ. ಮಾಳಿಗೆ ಮೇಲಿನ ಟೈರು, ಒಡೆದ ಕೊಡ, ತೆಂಗಿನ ಚಿಪ್ಪು, ಕೂಲರಿನ ತಳದ ನೀರನ್ನು ಮಾತ್ರ ಮುಲಾಜಿಲ್ಲದೆ ಚೆಲ್ಲಿ. ಜೂನ್ ಬಂದ ಕೂಡಲೇ ಮೂಲೆಗೆ ತಳ್ಳುವ ಕೂಲರ್ ಈ ಊರಿನ ಮರೆತುಹೋದ ಸೊಳ್ಳೆ ತೊಟ್ಟಿ. 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಸರ್ಕಾರ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ದಂಡವನ್ನೂ ಗೊತ್ತುಮಾಡಿದೆ.

ಕುಡಿಯುವ ನೀರು ಬೇರೆ ಮಾತು. ಮಳೆ ಬಂದ ವಾರ ಕಾಲುವೆ ನೀರು ಕೆಂಪಗೆ ಬಗ್ಗಡವಾಗಿರುತ್ತದೆ. ಪಟಕ ತಿರುಗಿಸಿದರೆ ಮಣ್ಣು ತಳಕ್ಕಿಳಿಯುತ್ತದೆ, ರೋಗಾಣು ಸಾಯುವುದಿಲ್ಲ. ತಿಳಿಯಾದ ನೀರನ್ನು ಸೋಸಿ, ಕುದಿಸಿ, ಮುಚ್ಚಿಡಿ. ಮಗುವಿಗೆ ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಅಂದಾಜು ಬೇಡ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಸಮತಟ್ಟಾಗಿ. ಅಂಗನವಾಡಿಯಲ್ಲಿ, ಆಶಾ ಅವರ ಬಳಿ ಸಿಗುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಕೊಡಬೇಕು.

ಹಂತ 6: ಜ್ವರ ಇಳಿದ ದಿನವೇ ಎಚ್ಚರ

ಜ್ವರ ಬಂತೆಂದರೆ ಪ್ಯಾರಾಸಿಟಮಾಲ್ ಸಾಕು, ತೂಕದ ಪ್ರತಿ ಕಿಲೊಗೆ 10ರಿಂದ 15 ಮಿ.ಗ್ರಾಂ., ಆರು ಗಂಟೆಗೊಮ್ಮೆ. ಸಿರಪ್ ಬಾಟಲಿಯ ಮೇಲೆ 5 ಮಿ.ಲೀ.ಗೆ 125 ಎಂದಿದೆಯೋ 250 ಎಂದಿದೆಯೋ ಪ್ರತಿ ಸಲ ಓದಿ. ಅಕ್ಕನ ಮನೆಯಿಂದ ತಂದ ಬಾಟಲಿ ಹೆಸರು ಒಂದೇ ಆದರೂ ದುಪ್ಪಟ್ಟು ಶಕ್ತಿಯದ್ದಿರಬಹುದು. ಮೆಡಿಕಲ್ ಅಂಗಡಿಯಲ್ಲಿ ‘ಜೋರಾದ ಗುಳಿಗೆ’ ಕೇಳಬೇಡಿ: ಡೆಂಗಿ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ.

ಎರಡು ದಿನವಾದರೂ ಬಿಡದಿದ್ದರೆ ಪರೀಕ್ಷೆ ಮಾಡಿಸಿ. ಮೊದಲ ಐದು ದಿನದೊಳಗೆ ಎನ್‌ಎಸ್1, ಆಮೇಲೆ ಐಜಿಎಂ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಡೆಂಗಿಯ ಅಪಾಯ ಮೂರರಿಂದ ಏಳನೆಯ ದಿನದ ನಡುವೆ, ಮೈ ತಣ್ಣಗಾದ ಮೇಲೆ. ‘ಜ್ವರ ಹೋತು, ಇನ್ನೇನು’ ಎಂದು ಮನೆಯವರು ಹೊಲಕ್ಕೋ ಕೆಲಸಕ್ಕೋ ಹೊರಡುವುದು ಸರಿಯಾಗಿ ಆವತ್ತೇ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಗು ಮಂಕಾಗುವುದು ಅಥವಾ ವಿಪರೀತ ಕಿರಿಕಿರಿ, ಆರು ಗಂಟೆಯಿಂದ ಮೂತ್ರ ಹೋಗದಿರುವುದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಸಿರುಗುಪ್ಪದಿಂದ ಬಳ್ಳಾರಿಗೆ 55 ಕಿ.ಮೀ. ಆಸುಪಾಸು. ರಾತ್ರಿ ಎರಡು ಗಂಟೆಗೆ ಗಾಡಿ ಹುಡುಕುವ ಬದಲು ಸಂಜೆಯೇ ತಾಲ್ಲೂಕು ಆಸ್ಪತ್ರೆಗೆ ತೋರಿಸಿ, ಬೇಕಾದರೆ ಅಲ್ಲಿಂದಲೇ 108ರಲ್ಲಿ ಬಿಎಂಸಿಆರ್‌ಸಿಗೆ, ಅಂದರೆ ಜನ ಇಂದಿಗೂ ವಿಮ್ಸ್ ಎನ್ನುವ ಆಸ್ಪತ್ರೆಗೆ, ಕಳಿಸಿಕೊಡಲು ಕೇಳಿ. ಪ್ಲೇಟ್‌ಲೆಟ್ ಎಷ್ಟೆಂದು ನೆಂಟರೆಲ್ಲ ಫೋನಿನಲ್ಲಿ ಕೇಳುತ್ತಾರೆ. ವೈದ್ಯರು ಅದಕ್ಕಿಂತ ಹೆಚ್ಚು ನೋಡುವುದು ಮಗುವಿನ ಮೈಯಲ್ಲಿ ನೀರಿನಂಶ, ರಕ್ತದೊತ್ತಡ. ಪಪ್ಪಾಯಿ ಎಲೆಯ ರಸ ಕುಡಿಸಿ ವಾಂತಿ ಮಾಡಿಸುವುದಕ್ಕಿಂತ ಗಂಜಿ, ಎಳನೀರು, ಓಆರ್‌ಎಸ್ ಮೇಲು. ಸಲಹೆಗೆ 104.

ಹಂತ 7: ಶಾಲೆ

‘ಇವತ್ತು ಸಾಲಿ ಐತೋ ಇಲ್ಲೋ?’ ಮಳೆಯ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ರಜೆಯ ಆದೇಶಗಳಲ್ಲಿ ಕಳೆದ ವರ್ಷದ್ದೂ ಬೇರೆ ಜಿಲ್ಲೆಯದ್ದೂ ಇರುತ್ತವೆ. ದಿನಾಂಕ, ಜಿಲ್ಲೆಯ ಹೆಸರು ಓದಿ, ಮುಖ್ಯ ಶಿಕ್ಷಕರಿಗೆ ಒಂದು ಫೋನ್ ಮಾಡಿ. ಆದೇಶ ಇಲ್ಲದಿದ್ದರೂ ಹಳ್ಳ ತುಂಬಿದ್ದರೆ ಕಳಿಸಬೇಡಿ. ತಪ್ಪಿದ ಪಾಠವನ್ನು ಶನಿವಾರ ಮಾಡಬಹುದು. ಶಾಲೆ ನಡೆಯುವಾಗಲೇ ಗಾಳಿ ಎದ್ದರೆ ಬೈಕ್ ತೆಗೆದು ಕರೆತರಲು ಓಡಬೇಡಿ, ಮಕ್ಕಳು ಆರ್‌ಸಿಸಿ ಕೋಣೆಯಲ್ಲಿರುವುದೇ ಕ್ಷೇಮ. ಯಾವ ಕೋಣೆ ಸೋರುತ್ತದೆ, ಯಾವ ಕಾಂಪೌಂಡ್ ಗೋಡೆ ಬಾಗಿದೆ ಎಂಬುದನ್ನು ಮೇ ತಿಂಗಳಲ್ಲೇ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಬರವಣಿಗೆಯಲ್ಲಿ ಕೊಡಬೇಕು. ಪಠ್ಯಪುಸ್ತಕ ನೆನೆದು ಹಾಳಾದರೆ ಶಿಕ್ಷಕರಿಗೆ ಹೇಳಿ. ಅಲ್ಲಿಯವರೆಗೆ ‘ದೀಕ್ಷಾ’ ಆ್ಯಪಿನಲ್ಲಿ ಓದಿಸಬಹುದು.

ಈಡಿಸ್ ಕಚ್ಚುವುದು ಹಗಲು, ಅಂದರೆ ಶಾಲೆಯ ಹೊತ್ತು. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿಸಿ. ಜ್ವರ ಬಿಟ್ಟ ಮಗುವನ್ನು ಮೂರು ದಿನವಾದರೂ ಮನೆಯಲ್ಲೇ ಇರಿಸಿ. ಶಿಕ್ಷಕರಲ್ಲಿ ಒಂದು ವಿನಂತಿ ಉಳಿದಿದೆ: ಒಂದು ದಿನವೂ ತಪ್ಪಿಸದೆ ಬಂದ ಮಗುವಿಗೆ ಬಹುಮಾನ ಕೊಡುವ ಪದ್ಧತಿ ನಿಮ್ಮ ಶಾಲೆಯಲ್ಲಿದ್ದರೆ ಜೂನ್‌ನಿಂದ ನವೆಂಬರ್‌ವರೆಗಿನ ಹಾಜರಾತಿಯನ್ನು ಅದರ ಲೆಕ್ಕದಿಂದ ತೆಗೆಯಿರಿ. ಆ ಬಹುಮಾನಕ್ಕಾಗಿ ಜ್ವರ ಮುಚ್ಚಿಟ್ಟುಕೊಂಡು ಬಂದು ಕೂರುವ ಮಕ್ಕಳಿದ್ದಾರೆ.